ಆರ್ತರ ಮಾತನ್ನು ಆಲಿಸುವ ದಾಸೋಹ

 

ಮಠದ ಬಾಗಿಲಿಗೆ ಹಸಿದವನು ಬಂದರೆ ಅವನಿಗೆ ಅನ್ನವನ್ನಿಕ್ಕುವದು ದಾಸೋಹವೆಂಬದು ಎಲ್ಲರಿಗೂ ತಿಳಿದ ಮಾತು. ಓದಬೇಕೆಂದು ಬಂದ ಬಡ ಬಾಲಕನಿಗೆ ಇರಲು ಎಡೆಯನ್ನೂ ವಿದ್ಯೆಯನ್ನೂ ಕೊಡುವದು ಜ್ಞಾನದಾಸೋಹವೆಂಬದೂ ಈ ನಾಡಿಗೆ ಹೊಸದಲ್ಲ. ಆದರೆ ಅದೇ ಬಾಗಿಲಿಗೆ ಬರುವ ಮೂರನೆಯವನೊಬ್ಬನುಂಟು. ಅವನ ಹೊಟ್ಟೆ ಹಸಿದಿರುವದಿಲ್ಲ; ವಿದ್ಯೆಯನ್ನು ಬೇಡಲೂ ಅವನು ಬಂದವನಲ್ಲ. ಯಾರ ಮುಂದೆಯೂ ಆಡಲಾರದ ಮಾತೊಂದು ಅವನ ಎದೆಯಲ್ಲಿ ಕುಳಿತಿರುತ್ತದೆ. ಅವನು ಗದ್ದಿಗೆಗೆ ನಮಸ್ಕರಿಸಿ, ಪ್ರಸಾದ ಸ್ವೀಕರಿಸಿ, ಬಂದಂತೆಯೇ ಹಿಂದಿರುಗಿ ಹೋಗುತ್ತಾನೆ. ಅವನು ಏಕೆ ಬಂದಿದ್ದನೆಂಬದು ಕೆಲವೊಮ್ಮೆ ಮರುದಿನ ಊರಿಗೆಲ್ಲ ತಿಳಿಯುತ್ತದೆ. ಆದರೆ ಆಗ ಹೊತ್ತು ಮೀರಿರುತ್ತದೆ. ಆ ಮೂರನೆಯವನಿಗೆ ಸಲ್ಲತಕ್ಕ ದಾಸೋಹವು ಯಾವದು, ಅದನ್ನು ಮಾಡತಕ್ಕವರು ಯಾರು, ಅದರ ನಿಯಮಗಳೇನು ಎಂಬದೇ ಇಂದಿನ ವ್ಯಾಖ್ಯಾನದ ವಿಷಯವು. ಈಗಿನ ವ್ಯವಹಾರದಲ್ಲಿ ಇದಕ್ಕೆ ಆಪ್ತಸಲಹೆಯೆಂದು ಹೆಸರು.

ಮೊದಲು ಒಂದು ಶಬ್ದದ ವಿಚಾರವು. ವ್ಯಸನವೆಂದರೆ ಕುಡಿತ, ಜೂಜು, ತಂಬಾಕು ಮೊದಲಾದ ದುಶ್ಚಟವೆಂದು ಇಂದು ಜನರು ತಿಳಿಯುತ್ತಾರೆ. ಆದರೆ ಪಾಠಶಾಲೆಯಲ್ಲಿ ಅಮರಕೋಶವನ್ನು ಓದಿದವರಿಗೆ ಈ ಶಬ್ದವು ಅನೇಕಾರ್ಥವೆಂಬದು ಗೊತ್ತಿದೆ. ವಿಪತ್ತೆಂಬದು ಅದರ ಒಂದು ಅರ್ಥ. ಕಾಮಕ್ರೋಧಗಳಿಂದ ಹುಟ್ಟುವ ದೋಷವೆಂಬದು ಇನ್ನೊಂದು. ಮನೆಯ ಹಿರಿಯರು ದುಃಖಪಡುವದಕ್ಕೆ ವ್ಯಸನಪಡುವದೆನ್ನುತ್ತಿದ್ದುದು ಮೊದಲಿನ ಅರ್ಥದಲ್ಲಿಯೇ. ಒಂದೇ ಶಬ್ದವು ದುಃಖಕ್ಕೂ ದುಶ್ಚಟಕ್ಕೂ ಸಲ್ಲುವದು ಕೇವಲ ಕೋಶದ ಚಮತ್ಕಾರವಲ್ಲ. ಚಟವಿರುವ ಮನೆಯಲ್ಲಿ ಅದರ ಬುಡದಲ್ಲಿ ದುಃಖವಿರುವದು ಅನೇಕ ಸಾರಿ ಕಾಣುತ್ತದೆ. ಚಟವು ಬೆಳೆದಂತೆ ದುಃಖವು ಇಮ್ಮಡಿಯಾಗುವದಂತೂ ಎಲ್ಲೆಲ್ಲಿಯೂ ಕಾಣುತ್ತದೆ.

ಈ ಎರಡನೆಯ ಅರ್ಥದ ವ್ಯಸನಕ್ಕೆ ಈ ಜಿಲ್ಲೆಯ ಮಠವೊಂದು ಹಿಡಿದ ದಾರಿಯು ನಾಡಿಗೆಲ್ಲ ಪ್ರಸಿದ್ಧವಾಗಿದೆ. ಜಮಖಂಡಿ ಸೀಮೆಯ ಹಿಪ್ಪರಗಿಯಲ್ಲಿ 1930ನೆಯ ಇಸವಿಯ ಆಗಸ್ಟ್ 1ರಂದು ಜನಿಸಿ, ಚಿತ್ತರಗಿ-ಇಲಕಲ್ಲ ಸಂಸ್ಥಾನಮಠದ ಅಧಿಪತಿಗಳಾಗಿ, 2018ರಲ್ಲಿ ಲಿಂಗೈಕ್ಯರಾದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಹೆಗಲಿಗೆ ಜೋಳಿಗೆಯನ್ನು ಹಾಕಿಕೊಂಡು ಊರೂರು, ಕೇರಿಕೇರಿ ತಿರುಗಿದರು. ಕಾಳನ್ನಾಗಲಿ ಹಣವನ್ನಾಗಲಿ ಅವರು ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಭಿಕ್ಷೆಯಾಗಿ ನೀಡಿರೆಂದು ಬೇಡಿದರು. ಮಹಾಂತ ಜೋಳಿಗೆಯೆಂದು ಜನರು ಕರೆದುದು ಇದನ್ನೇ. ಅವರ ಜನ್ಮದಿನವನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವು ಯಾವದೆಂದರೆ, ಆ ಜೋಳಿಗೆಯು ಮಠದಲ್ಲಿ ಕುಳಿತು ಜನರು ಬರಲೆಂದು ಕಾಯಲಿಲ್ಲ. ಕಷ್ಟವಿದ್ದಲ್ಲಿಗೆ ತಾನೇ ನಡೆದು ಹೋಯಿತು.

ಹಾಗಾದರೆ ಮೊದಲನೆಯ ಅರ್ಥದ ವ್ಯಸನಕ್ಕೂ, ಅಂದರೆ ವಿಪತ್ತಿಗೂ ಒಂದು ಜೋಳಿಗೆಯು ಬೇಡವೆ? ಬೇಕೆಂಬದರಲ್ಲಿ ಸಂಶಯವಿಲ್ಲ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಚಟವನ್ನು ಬಿಡುವವನು ಹತ್ತು ಜನರೆದುರಿಗೆ ಪ್ರತಿಜ್ಞೆ ಮಾಡಿದರೆ ಆ ಹತ್ತು ಜನರೇ ಅವನಿಗೆ ಬಲವಾಗುತ್ತಾರೆ. ದುಃಖವನ್ನು ಹತ್ತು ಜನರೆದುರಿಗೆ ಹೇಳಿಸಿದರೆ ಅದು ಅವನಿಗೆ ಅಪಮಾನವಾಗುತ್ತದೆ. ಆದುದರಿಂದ ಪ್ರತಿಜ್ಞೆಯ ಜೋಳಿಗೆಯು ಸಭೆಯಲ್ಲಿ ತೆರೆಯತಕ್ಕದ್ದು. ದುಃಖದ ಜೋಳಿಗೆಯು ಏಕಾಂತದಲ್ಲಿ ತೆರೆದು, ತುಂಬಿದ ಮೇಲೆ ಬಾಯಿ ಕಟ್ಟತಕ್ಕದ್ದು. ಈ ಭೇದವನ್ನು ಮರೆತ ಸೇವೆಯು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡೀತು.

ಈ ಸೀಮೆಯಲ್ಲಿ ವಿಪತ್ತು ಯಾವ ರೂಪದಿಂದ ಬರುವದೆಂದು ಇಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಒಕ್ಕಲುಮಗನ ಕಬ್ಬು ಹೊಲದಲ್ಲಿ ಒಣಗುತ್ತ ನಿಂತಿರುತ್ತದೆ, ಕಟಾವಿನ ಸರದಿಯು ಬರುವದಿಲ್ಲ. ಕಡಿದು ಕಳಿಸಿದ ಮೇಲೆ ಬಿಲ್ಲು ಕೈಗೆ ಸೇರುವದರೊಳಗೆ ಬಡ್ಡಿಯು ಬೆಳೆದಿರುತ್ತದೆ. ರಬಕವಿ-ಬನಹಟ್ಟಿಯ ಕೂಲಿ ನೇಕಾರನ ಮಗ್ಗವು ನಿಂತ ದಿನವೇ ಅವನ ಒಲೆಯೂ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ತುಂಬಿ ಹರಿದಾಗ ಮನೆ, ದನ, ಬೆಳೆಗಳನ್ನು ಒಟ್ಟಿಗೆ ಕಳೆದುಕೊಂಡವರು ಅನೇಕರು. ಆಲಮಟ್ಟಿಯ ಹಿನ್ನೀರಿನಲ್ಲಿ ಹುಟ್ಟಿದ ಊರು ಮುಳುಗಿ ಪುನರ್ವಸತಿಯ ಊರಿಗೆ ಬಂದ ವೃದ್ಧರಿಗೆ ಪರಿಹಾರದ ಹಣವು ಬಂದರೂ ನೆರೆಹೊರೆಯು ತಿರುಗಿ ಬರಲಿಲ್ಲ. ಸಾಲದ ಕಂತಿಗಾಗಿ ಮನೆಯ ಮುಂದೆ ಬಂದು ಕುಳಿತುಕೊಳ್ಳುವವರ ಕಿರುಕುಳವನ್ನು ತಡೆಯಲು ರಾಜ್ಯ ಸರಕಾರವು 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂದ ಮೇಲೆ, ಆ ಕಷ್ಟವು ಎಷ್ಟು ಮನೆಗಳದೆಂದು ಊಹಿಸಬಹುದು. ಇವುಗಳಲ್ಲಿ ಯಾವದೊಂದೂ ತಾನಾಗಿಯೇ ಮನುಷ್ಯನನ್ನು ಕೊಲ್ಲುವದಿಲ್ಲ. ಕಷ್ಟವನ್ನು ಹೇಳಿಕೊಳ್ಳಲು ಎಡೆಯಿಲ್ಲದೆ, ಜನ ಏನೆಂದಾರೆಂಬ ಭಯದಲ್ಲಿ, ರಾತ್ರಿಯೆಲ್ಲ ಒಬ್ಬನೇ ಅದನ್ನು ಮೆಲುಕು ಹಾಕುವದೇ ಮನುಷ್ಯನನ್ನು ಅಂಚಿಗೆ ತಳ್ಳುವದು.

ಇನ್ನು ಈ ಸೇವೆಯ ಇತಿಹಾಸವನ್ನು ನೋಡೋಣ. ಇಂಗ್ಲಂಡದಲ್ಲಿ ಚಾಡ್ ವಾರಾ ಎಂಬ ಕ್ರೈಸ್ತ ಪಾದ್ರಿಯು 1935ರಲ್ಲಿ, ಇನ್ನೂ ತರುಣನಾಗಿದ್ದಾಗ, ಹದಿವಯಸ್ಸಿನ ಒಬ್ಬ ಬಾಲಿಕೆಯ ಅಂತ್ಯಕ್ರಿಯೆಯನ್ನು ನಡೆಸಬೇಕಾಯಿತು. ಅವಳು ಮೊದಲ ಸಾರಿ ಋತುಮತಿಯಾದುದನ್ನು ಘೋರರೋಗವೆಂದು ತಿಳಿದು ಪ್ರಾಣವನ್ನು ಕಳೆದುಕೊಂಡಿದ್ದಳು. ಒಬ್ಬ ತಿಳಿದವರು ಒಂದು ಮಾತು ಹೇಳಿದ್ದರೆ ಉಳಿಯಬಹುದಾಗಿದ್ದ ಜೀವವದು. ಆ ದುಃಖವನ್ನು ಮರೆಯದೆ ಅವನು 1953ರಲ್ಲಿ ಲಂಡನ್ನಿನ ತನ್ನ ಇಗರ್ಜಿಯಲ್ಲಿ ಒಂದು ಟೆಲಿಫೋನನ್ನಿಟ್ಟು, ಸಾಯಬೇಕೆಂದೆನಿಸುವವರು ಮೊದಲು ಇಲ್ಲಿಗೆ ಮಾತನಾಡಿರೆಂದು ಪ್ರಕಟಿಸಿದನು. ಜನರು ಬರತೊಡಗಿದರು. ಅವನ ಭೆಟ್ಟಿಗಾಗಿ ಹೊರಗೆ ಕಾಯುವವರಿಗೆ ಚಹಾ ಕೊಟ್ಟು ಹತ್ತಿರ ಕುಳಿತುಕೊಳ್ಳಲು ಊರಿನ ಕೆಲವು ಸಾಮಾನ್ಯ ಜನರೂ ಬಂದರು. ಕೆಲವು ಕಾಲದಲ್ಲಿ ಅವನಿಗೊಂದು ಸಂಗತಿಯು ಗೋಚರವಾಯಿತು: ಹೊರಗೆ ಕಾಯುತ್ತಿದ್ದ ಅನೇಕರಿಗೆ ಒಳಗೆ ಬರುವ ಅವಶ್ಯಕತೆಯೇ ಉಳಿಯುತ್ತಿರಲಿಲ್ಲ. ಚಹಾ ಕೊಟ್ಟವರ ಮುಂದೆಯೇ ಅವರು ತಮ್ಮ ಮಾತನ್ನೆಲ್ಲ ಆಡಿ, ಹಗುರಾಗಿ ಹೋಗುತ್ತಿದ್ದರು. ಆದುದರಿಂದ 1954ರ ಫೆಬ್ರುವರಿಯಲ್ಲಿ ಅವನು ಆ ಸೇವೆಯನ್ನು ಸ್ವಯಂಸೇವಕರ ಕೈಗೇ ಒಪ್ಪಿಸಿದನು. ಸಮಾರಿಟನ್ಸ್ ಎಂಬ ಸಂಸ್ಥೆಯ ಮೂಲವಿದು. ಪಂಡಿತನಾದ ಗುರುವು ಒಳಗಿದ್ದನು. ಉಪಶಮನವು ಪಡಸಾಲೆಯಲ್ಲಿ ಆಗುತ್ತಿತ್ತು. ಪ್ರಸಾದ ಬಡಿಸುವ ಕೈಗಳೂ, ವಿಶಾಲವಾದ ಪಡಸಾಲೆಯೂ ಇರುವ ಮಠಗಳಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ಬೇಡ.

ಈ ದೇಶದಲ್ಲಿ ಚೆನ್ನೈನ ಸ್ನೇಹಾ ಸಂಸ್ಥೆಯು 1986ರಲ್ಲಿ ಡಾ. ಲಕ್ಷ್ಮೀ ವಿಜಯಕುಮಾರರಿಂದ ಆರಂಭವಾಯಿತು. ಬೆಂಗಳೂರಿನಲ್ಲಿ ಸಹಾಯ್ ಎಂಬ ಸಹಾಯವಾಣಿಯು 2002ರಲ್ಲಿ ಆರಂಭವಾಯಿತು. ನಿಮ್ಹಾನ್ಸ್ ಸಂಸ್ಥೆಯ ವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರರು ಕನ್ನಡದಲ್ಲಿಯೇ ನೂರಾರು ಪುಸ್ತಕಗಳನ್ನು ಬರೆದು, ಸಾಮಾನ್ಯ ಜನರಿಗೆ ಆಪ್ತಸಲಹೆಯ ಶಿಕ್ಷಣವನ್ನು ಕೊಟ್ಟು, ಬೆಂಗಳೂರಿನಲ್ಲಿ ಸಮಾಧಾನವೆಂಬ ಕೇಂದ್ರವನ್ನು ನಡೆಸಿದರು. 2022ನೆಯ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು.

ಈಗ ಇದಕ್ಕೆ ಬರುವ ಆಕ್ಷೇಪಗಳನ್ನು ಒಂದೊಂದಾಗಿ ಪರಿಶೀಲಿಸತಕ್ಕದ್ದು.

ಮೊದಲನೆಯ ಪೂರ್ವಪಕ್ಷವು: ಮನಸ್ಸಿನ ರೋಗಕ್ಕೆ ವೈದ್ಯನು ಬೇಕು, ಓದುಬರಹ ಕಡಿಮೆಯಿದ್ದ ಸ್ವಯಂಸೇವಕನು ಏನು ಮಾಡಬಲ್ಲನು? ಇದಕ್ಕೆ ಸಮಾಧಾನವು: ಚರಕಾಚಾರ್ಯನು ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳಿದ್ದಾನೆ. ಮಂತ್ರ-ಹೋಮಾದಿಗಳಿಂದ ಆಗುವದು ದೈವವ್ಯಪಾಶ್ರಯ, ಔಷಧ-ಪಥ್ಯಗಳಿಂದ ಆಗುವದು ಯುಕ್ತಿವ್ಯಪಾಶ್ರಯ, ಮನಸ್ಸನ್ನು ಅಹಿತದಿಂದ ಹಿಂದಕ್ಕೆ ತರುವದು ಸತ್ತ್ವಾವಜಯ. ಹಿತವಾದ ಮಾತೂ ಚಿಕಿತ್ಸೆಯ ಅಂಗವೇ ಎಂದು ಪ್ರಾಚೀನರೂ ಒಪ್ಪಿದ್ದರೆಂದಾಯಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣವಿತ್ತು ಮನೋರೋಗದ ಆರೈಕೆಯನ್ನು ಹಳ್ಳಿಗೆ ತಂದಿತು. ಆ ಬಳ್ಳಾರಿಯ ಮಾದರಿಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ನೆರೆಯ ಗೋವೆಯಲ್ಲಿ ಶಿಕ್ಷಣ ಪಡೆದ ಸಾಮಾನ್ಯ ಸಲಹೆಗಾರರನ್ನು ವೈದ್ಯರೊಡನೆ ನಿಯೋಜಿಸಿ ನಡೆಸಿದ ಪರೀಕ್ಷೆಯು 2010ರಲ್ಲಿ ಪ್ರಕಟವಾಗಿದೆ. ಸರಕಾರಿ ಕೇಂದ್ರಗಳಿಗೆ ಬಂದ ಖಿನ್ನತೆ-ಉದ್ವೇಗಗಳ ರೋಗಿಗಳಲ್ಲಿ ಹೆಚ್ಚು ಜನರು ಚೇತರಿಸಿಕೊಂಡುದು ಅದರಿಂದ ಕಂಡುಬಂದಿತು. ಆದರೆ ಇವೆಲ್ಲವುಗಳಲ್ಲಿ ಎರಡು ಮಾತು ಸಮಾನವಾಗಿವೆ: ಸ್ವಯಂಸೇವಕನಿಗೆ ಶಿಕ್ಷಣವಿತ್ತು, ಅವನ ಹಿಂದೆ ವೈದ್ಯನಿದ್ದನು. ಇವೆರಡಿಲ್ಲದ ಉತ್ಸಾಹವು ಸಾಲದು.

ಎರಡನೆಯ ಪೂರ್ವಪಕ್ಷವು: ಮಠದ ಧರ್ಮವು ಉಪದೇಶ, ಸುಮ್ಮನೆ ಕೇಳುವದರಿಂದ ಏನಾದೀತು? ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದು ಹೆಸರು. ಅರ್ಜುನನು ತನ್ನ ದುಃಖವನ್ನೆಲ್ಲ ಆಡಿ ಮುಗಿಸಿ, ಬಿಲ್ಲನ್ನು ಬಿಟ್ಟು ಕುಳಿತುಕೊಳ್ಳುವವರೆಗೆ ಕೃಷ್ಣನು ಅವನ ಮಾತನ್ನು ತಡೆಯುವದಿಲ್ಲ. ಉಪದೇಶವು ಆರಂಭವಾಗುವದು ಎರಡನೆಯ ಅಧ್ಯಾಯದಲ್ಲಿ. ಶ್ರವಣ, ಮನನ, ನಿದಿಧ್ಯಾಸನಗಳಲ್ಲಿ ಶ್ರವಣವು ಮೊದಲನೆಯದೆಂದು ಶಿಷ್ಯನಿಗೆ ಹೇಳುವವರು, ಆರ್ತನ ಎದುರಿಗೆ ತಾವೂ ಆ ಕ್ರಮವನ್ನೇ ಹಿಡಿಯಬೇಕು. ನಿನಗಿಂತ ಹೆಚ್ಚು ಕಷ್ಟಪಟ್ಟವರಿದ್ದಾರೆ, ಧೈರ್ಯ ತಂದುಕೋ, ಎಲ್ಲವೂ ಪ್ರಾರಬ್ಧವೆಂಬ ಮಾತುಗಳು ಹೇಳುವವನಿಗೆ ಸುಲಭ. ಕೇಳುವವನಿಗಾದರೋ ಅವು ಬಾಗಿಲನ್ನು ಮುಚ್ಚಿದ ಸಪ್ಪಳವಾಗಿ ಕೇಳಿಸುತ್ತವೆ.

ಮೂರನೆಯ ಪೂರ್ವಪಕ್ಷವು: ಸಾಯುವ ಯೋಚನೆಯುಂಟೋ ಎಂದು ಕೇಳಿದರೆ ಇಲ್ಲದವನಿಗೂ ಆ ಯೋಚನೆಯನ್ನು ಕಲಿಸಿದಂತಾಗದೆ? ಆಗುವದಿಲ್ಲವೆಂದು ಈ ವಿದ್ಯೆಯನ್ನು ಬಲ್ಲವರೆಲ್ಲರೂ ಒಮ್ಮತದಿಂದ ಹೇಳುತ್ತಾರೆ. ನೇರವಾಗಿ, ಮೆಲ್ಲಗೆ, ಗಾಬರಿಯಿಲ್ಲದೆ ಕೇಳಿದರೆ ಅವನಿಗೆ ಬಿಡುಗಡೆಯೇ ಆಗುತ್ತದೆ. ಈ ಮಾತನ್ನೂ ಇಲ್ಲಿ ಆಡಬಹುದೆಂಬ ನಂಬಿಗೆಯು ಹುಟ್ಟುತ್ತದೆ.

ನಾಲ್ಕನೆಯದು ಪೋಲೀಸರ ಭಯ. ಆತ್ಮಹತ್ಯೆಗೆ ಪ್ರಯತ್ನಿಸಿದವನನ್ನು ಶಿಕ್ಷಿಸುವ ಕಲಮು 1860ರ ದಂಡಸಂಹಿತೆಯಲ್ಲಿತ್ತು. ಆ ಭಯದಿಂದ ಜನರು ದವಾಖಾನೆಗೆ ಹೋಗಲೂ ಅಂಜುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅಂಥವನನ್ನು ತೀವ್ರವಾದ ಒತ್ತಡದಲ್ಲಿದ್ದವನೆಂದೇ ಭಾವಿಸಬೇಕೆಂದೂ, ಅವನಿಗೆ ಆರೈಕೆಯನ್ನು ಒದಗಿಸುವದು ಸರಕಾರದ ಕರ್ತವ್ಯವೆಂದೂ ವಿಧಿಸಿತು. 2024ರ ಜುಲೈ 1ರಿಂದ ಆ ಹಳೆಯ ಸಂಹಿತೆಯೇ ಹೋಯಿತು. ಈ ಸಂಗತಿಯನ್ನು ಪ್ರತಿಯೊಂದು ಮನೆಗೆ ತಿಳಿಸುವದೂ ಒಂದು ಸೇವೆಯೇ.

ಇನ್ನು ಮಕ್ಕಳ ವಿಷಯವು. ಮಗುವು ಚಿಕ್ಕ ಗಾತ್ರದ ದೊಡ್ಡವನಲ್ಲ. ದೊಡ್ಡವನು ದುಃಖವನ್ನು ಮಾತಿನಿಂದ ಮುಚ್ಚುತ್ತಾನೆ. ಮಗುವಿಗೆ ಅದನ್ನು ಹೇಳುವ ಮಾತೇ ಗೊತ್ತಿರುವದಿಲ್ಲ. ಹೊಟ್ಟೆನೋವೆಂದು ಸಾಲಿಗೆ ಹೋಗದಿರುವದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿಯು ತಿರುಗಿ ಬರುವದು, ಆಡುವ ಹುಡುಗಿಯು ಒಮ್ಮೆಲೇ ಮೌನವಾಗುವದು, ಒಬ್ಬ ನಿರ್ದಿಷ್ಟ ಮನುಷ್ಯನನ್ನು ಕಂಡರೆ ಅಂಜುವದು, ಇವೇ ಮಗುವಿನ ಭಾಷೆ. ಪರೀಕ್ಷೆಯ ಫಲವು ಪ್ರಕಟವಾಗುವ ದಿನಗಳಲ್ಲಿ, ಪ್ರಸಾದನಿಲಯಕ್ಕೆ ಹೊಸದಾಗಿ ಬಂದ ಮೊದಲ ತಿಂಗಳಲ್ಲಿ, ಓದುತ್ತಿರುವ ಬಾಲಿಕೆಗೆ ಮದುವೆಯ ಮಾತು ಎದ್ದಾಗ, ತಂದೆಯು ಕುಡಿದು ಬಂದ ರಾತ್ರಿಗಳಲ್ಲಿ, ಹಿರಿಯರು ಈ ಭಾಷೆಯನ್ನು ಕಿವಿಗೊಟ್ಟು ಕೇಳತಕ್ಕದ್ದು. ಮಕ್ಕಳ ಸಹಾಯವಾಣಿಯಾದ 1098 ಮುಂಬಯಿಯಲ್ಲಿ 1996ರಲ್ಲಿ ಜೆರೂ ಬಿಲ್ಲಿಮೋರಿಯಾ ಅವರ ಪ್ರಯತ್ನದಿಂದ ಹುಟ್ಟಿ ದೇಶವನ್ನೆಲ್ಲ ವ್ಯಾಪಿಸಿತು. 2023ರಲ್ಲಿ ಸರಕಾರವು ಅದನ್ನು ತಾನೇ ವಹಿಸಿಕೊಂಡಿತು. ಆ ನಾಲ್ಕು ಅಂಕಿಗಳು ಪ್ರತಿಯೊಂದು ಮಗುವಿಗೂ ಬಾಯಿಪಾಠವಾಗಿರಬೇಕು.

ಮಗುವಿನ ವಿಷಯದಲ್ಲಿ ಇನ್ನೊಂದು ಕಠಿಣವಾದ ಮಾತುಂಟು. ಆರ್ತನ ಗುಟ್ಟನ್ನು ಕಾಪಾಡಬೇಕೆಂದು ಹಿಂದೆ ಹೇಳಲಾಯಿತು. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವು ನಡೆದುದು ತಿಳಿದುಬಂದರೆ ಅಲ್ಲಿ ಗುಟ್ಟಿಗೆ ಎಡೆಯಿಲ್ಲ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಅದನ್ನು ತಿಳಿದ ಯಾವನೇ ಆಗಲಿ ಪೋಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವದು ಅಪರಾಧ. ಮನೆತನದ ಮಾನ, ಜಾತಿಯ ಮಾನ, ಸಾಲಿಯ ಮಾನ, ಮಠದ ಮಾನ ಎಂದು ಹೇಳಿ ಹಿರಿಯರು ಕುಳಿತು ರಾಜಿ ಮಾಡಿಸುವದುಂಟು. ಆ ರಾಜಿಯಲ್ಲಿ ಎಲ್ಲರ ಮಾನವೂ ಉಳಿದು ಮಗುವೊಂದೇ ಮುಳುಗುತ್ತದೆ. ಬಾಲಕರನ್ನು ಆಶ್ರಯದಲ್ಲಿಟ್ಟುಕೊಂಡ ಯಾವ ಸಂಸ್ಥೆಯೂ ಈ ನಿಯಮದಿಂದ ಹೊರಗಿಲ್ಲ, ಗುರುಪೀಠಗಳೂ ಹೊರಗಿಲ್ಲ. ಮಗುವಿನ ಮಾತನ್ನು ಮೊದಲು ನಂಬತಕ್ಕದ್ದು, ತಪ್ಪು ನಿನ್ನದಲ್ಲವೆಂದು ಹೇಳತಕ್ಕದ್ದು, ಅದನ್ನೇ ಹತ್ತು ಜನರ ಮುಂದೆ ಹತ್ತು ಸಾರಿ ಹೇಳಿಸದೆ ಮಕ್ಕಳ ಕಲ್ಯಾಣ ಸಮಿತಿಗೂ ಪೋಲೀಸರಿಗೂ ಮುಟ್ಟಿಸತಕ್ಕದ್ದು. ಈ ಒಂದು ಕೆಲಸದಲ್ಲಿ ಹಿಂಜರಿಯುವ ಊರು ಆಪ್ತಸಲಹೆಯ ಹೆಸರನ್ನು ಎತ್ತಲಾಗದು.

ಸ್ವಯಂಸೇವಕನ ನಿಯಮಗಳನ್ನು ಸಂಕ್ಷೇಪವಾಗಿ ಹೇಳುವದಾದರೆ ಹೀಗಿವೆ. ಕೇಳುವಾಗ ತೀರ್ಪು ಕೊಡಬಾರದು. ಕೇಳಿದ್ದನ್ನು ತನ್ನ ಹೆಂಡತಿಯ ಮುಂದೆಯೂ, ಗೆಳೆಯನ ಮುಂದೆಯೂ, ಹೆಸರು ಮರೆಸಿ ಪುರಾಣದ ಕಟ್ಟೆಯಲ್ಲಿಯೂ ಆಡಬಾರದು. ಜಾತಿ, ಪಕ್ಷ, ಹಣಗಳನ್ನು ವಿಚಾರಿಸಬಾರದು. ಪ್ರಾಣಕ್ಕೆ ಅಪಾಯವೆಂದು ಕಂಡಾಗ ಅವನನ್ನು ಒಬ್ಬನನ್ನೇ ಬಿಟ್ಟು ಏಳಬಾರದು. ಬೆಳೆಗೆ ಹೊಡೆಯುವ ಔಷಧಗಳನ್ನು ಮನೆಯಿಂದ ದೂರಮಾಡಿ ಕೀಲಿಯಲ್ಲಿಡಿಸಬೇಕು. ಅವನು ನಂಬುವ ಒಬ್ಬ ಆಪ್ತರನ್ನು ಕರೆಸಬೇಕು. ಆ ಗಳಿಗೆಯಲ್ಲಿ ಜೀವವನ್ನು ಉಳಿಸುವದಕ್ಕೆ ಎಷ್ಟು ಬೇಕೋ ಅಷ್ಟು ಗುಟ್ಟನ್ನು ಮಾತ್ರ ಬಿಚ್ಚಬೇಕು. ಆಪತ್ತಿನ ಆವೇಗವು ಬಹಳ ಸಾರಿ ಸ್ವಲ್ಪ ಹೊತ್ತಿನದೇ. ಆ ಹೊತ್ತನ್ನು ಜೊತೆಗಿದ್ದು ದಾಟಿಸಿದರೆ ಜೀವವು ಉಳಿಯುತ್ತದೆ. ಶ್ರೀಲಂಕೆಯಲ್ಲಿ 1990ರ ದಶಕದಿಂದ ಅತಿವಿಷಕಾರಿಯಾದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳವಾಗಿ ಇಳಿದವೆಂಬದು ಇದಕ್ಕೆ ನಿದರ್ಶನವಾಗಿದೆ. ಬೆಳಗಾದ ಮೇಲೆ ಆರೋಗ್ಯ ಕೇಂದ್ರಕ್ಕೆ, ತಾಲೂಕಾ ದವಾಖಾನೆಗೆ, ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ತಾನೇ ಜೊತೆಗೆ ಹೋಗಬೇಕು. ದಾರಿ ಹೇಳಿ ಕಳಿಸುವದು ಬೇರೆ, ಕೈಹಿಡಿದು ಕರೆದೊಯ್ಯುವದು ಬೇರೆ. ಸಾಲದ ಕಷ್ಟವಿದ್ದಲ್ಲಿ ಬ್ಯಾಂಕಿನ, ಕಾರಖಾನೆಯ, ತಹಶೀಲದಾರರ ಬಾಗಿಲಿಗೂ ಜೊತೆಗೆ ನಡೆಯಬೇಕು. ಏಕೆಂದರೆ ಬಿಲ್ಲು ಬಾರದ್ದರಿಂದ ಹುಟ್ಟಿದ ದುಃಖವು ಬರೇ ಸಾಂತ್ವನದಿಂದ ತೀರುವದಿಲ್ಲ.

ಹೆಂಗಸರ ಮಾತನ್ನು ಕೇಳಲು ಹೆಂಗಸರೇ ಬೇಕು. ಇದಕ್ಕೆ ಅಕ್ಕನ ಬಳಗದ ತಾಯಂದಿರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ಶಿಕ್ಷಕಿಯರು ಎಲ್ಲರಿಗಿಂತ ಯೋಗ್ಯರು. ಮಗುವಿನೊಡನೆ ಮಾತನಾಡುವ ಎಡೆಯು ಇತರರ ಕಣ್ಣಿಗೆ ಕಾಣುವಂತಿರಬೇಕು, ಕಿವಿಗೆ ಕೇಳುವಂತಿರಬಾರದು. ಕೊನೆಯದಾಗಿ, ಕೇಳುವವನೂ ಮನುಷ್ಯನೇ. ಪರರ ದುಃಖವನ್ನು ತುಂಬಿಕೊಂಡ ಜೋಳಿಗೆಯು ಅವನ ಹೆಗಲನ್ನೂ ನೋಯಿಸುತ್ತದೆ. ಆದುದರಿಂದ ಸ್ವಯಂಸೇವಕರು ವಾರಕ್ಕೊಮ್ಮೆ ಅನುಭವಿಯಾದ ಮಾರ್ಗದರ್ಶಕರ ಎದುರಿಗೆ ಕುಳಿತು, ಯಾರ ಹೆಸರನ್ನೂ ಹೇಳದೆ, ತಮ್ಮ ಭಾರವನ್ನು ಇಳಿಸಿಕೊಳ್ಳತಕ್ಕದ್ದು. ಎಲ್ಲ ಪ್ರಯತ್ನಗಳ ಮೇಲೆಯೂ ಒಂದು ಜೀವವು ಕೈತಪ್ಪಿದಾಗ ಅವರಿಗೂ ಸಾಂತ್ವನವು ಬೇಕು. ಸತ್ತವನ ಮನೆಯವರಿಗಂತೂ ಬೇಕೇ ಬೇಕು. ಆ ಮನೆಗೆ ಹೋಗದೆ ದೂರವಿರುವ ಊರು ಎರಡನೆಯ ಆಪತ್ತಿಗೆ ದಾರಿ ಮಾಡುತ್ತದೆ.

ಶರಣ ಬಂಧುಗಳೇ, ಈ ಕಾರ್ಯಕ್ಕೆ ಕಟ್ಟಡವು ಬೇಡ, ನಿಧಿಯು ಬೇಡ. ಊರಿಗೆ ನಾಲ್ವರು ಗಂಡಸರು, ನಾಲ್ವರು ಹೆಂಗಸರು, ಕೆಲವು ದಿನಗಳ ಶಿಕ್ಷಣ, ಹಿಂದೆ ಒಬ್ಬ ವೈದ್ಯ, ಪಡಸಾಲೆಯಲ್ಲಿ ಒಂದು ಮೂಲೆ, ಇಷ್ಟಿದ್ದರೆ ಸಾಕು. ಅನ್ನದ ದಾಸೋಹದಲ್ಲಿ ಕೊಡುವವನ ಕೈಯು ಮೇಲಿರುತ್ತದೆ. ಈ ದಾಸೋಹದಲ್ಲಿ ಆಲಿಸುವವನೇ ಕೈಯೊಡ್ಡುವವನು, ಆರ್ತನೇ ನೀಡುವವನು. ತನ್ನ ಅತ್ಯಂತ ಗುಪ್ತವಾದ ವಸ್ತುವನ್ನು ಅವನು ನಂಬಿ ಕೊಡುತ್ತಾನೆ. ಭಿಕ್ಷೆಯನ್ನು ಪಡೆದವನ ವಿನಯವು ಆಲಿಸುವವನಲ್ಲಿರಲಿ. ಹುನ್ನೂರಿನ ಸುತ್ತಿನ ಊರುಗಳಲ್ಲಿ ಮಠಕ್ಕೆ ಬಂದ ಆ ಮೂರನೆಯವನು ಇನ್ನು ಮೇಲೆ ಮಾತನಾಡದೆ ಹಿಂದಿರುಗದಿರಲಿ; ಯಾವ ಮಗುವೂ ಕೇಳುವವರಿಲ್ಲದೆ ಕೊರಗದಿರಲಿ. ಶ್ರೀಗುರುವಿನ ಕರುಣೆಯು ಸರ್ವರನ್ನೂ ಕಾಯಲಿ.